ಇಲ್ಲದ ಹಕಾರ

ಮಳೆಯಲ್ಲಿ ನೆಂದ ರಟ್ಟಿನ ಪೆಟ್ಟಿಗೆ ಒಂದು ಥರದ ಹುಳಿ ವಾಸನೆ ಬಿಡುತ್ತದೆ. ಮುಸುಕಿನ ಜೋಳದ ಹಿಟ್ಟು ಕಾಯಿಸಿ ಮಾಡಿದ ಅಂಟು ನೆನೆದಾಗ ಬರುವ ವಾಸನೆ ಅದು. ಹೋದ ತಿಂಗಳು ತಿ. ನರಸೀಪುರದ ನನ್ನ ಪುಸ್ತಕದಂಗಡಿಗೆ ನೋಟ್‌ಬುಕ್ಕುಗಳನ್ನು ತಂದ ಆಟೋದವನು ಟಾರ್ಪಾಲು ಹೊದಿಸುವುದನ್ನು ಮರೆತಿದ್ದ. ನೆಂದ ಪೆಟ್ಟಿಗೆಗಳನ್ನು ಒಳಗಿಳಿಸಿ ಒಂದನ್ನು ಬಿಚ್ಚಿದೆ. ಬೇರೆ ಯಾರಾದರೂ ಆಗಿದ್ದರೆ ಮೊದಲು ಪುಸ್ತಕ ಒದ್ದೆಯಾಗಿದೆಯೇ ಎಂದು ನೋಡುತ್ತಿದ್ದರು. ನಾನು ಮೂಗರಳಿಸಿಕೊಂಡು ಸುಮ್ಮನೆ ನಿಂತುಬಿಟ್ಟೆ. ಸಿದ್ದರಾಜು ನೆನಪಾದ. ನೆನಪಾದ ಕೂಡಲೇ, ಇಷ್ಟು ವರ್ಷವಾದ ಮೇಲೂ, ಹೊಟ್ಟೆಯೊಳಗೆ ಚುರ್ ಎಂದಿತು.

ಅದು ಹೊಟ್ಟೆಕಿಚ್ಚು. ಬೇರೆ ಹೆಸರು ಕೊಟ್ಟು ನುಣುಚಿಕೊಳ್ಳುವ ವಯಸ್ಸು ನನ್ನದಲ್ಲ. ಅವನ ಕೆಲಸ, ಮನೆ, ಸಂಬಳ ಯಾವುದರ ಮೇಲೂ ನನಗೆ ಕಣ್ಣಿರಲಿಲ್ಲ. ಸಾವಿರಾರು ಮೈಲಿ ದೂರದ, ನಾವಿಬ್ಬರೂ ಎಂದೂ ಕಾಲಿಡದ ದೇಶದ ಒಂದು ಹಾಡು ನನಗಿಂತ ಹೆಚ್ಚು ಅವನದಾಗಿಬಿಟ್ಟಿತು ಎಂಬುದೇ ನನ್ನ ಸಂಕಟ.

ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ನಾನು ಒಂಬತ್ತು ವರ್ಷ ದುಡಿದೆ. ಕ್ವಾಲಿಟಿ ವಿಭಾಗ. ರಟ್ಟು ಎಷ್ಟು ಭಾರ ತಡೆಯುತ್ತದೆ, ಅಂಟು ಸರಿಯಾಗಿ ಹಿಡಿದಿದೆಯೇ ಎಂದು ನೋಡಿ ರುಜು ಹಾಕುವ ಕೆಲಸ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ ಇಸ್ತ್ರಿ ಕೆಡದಂತೆ ವಾಪಸು ಬರಬಹುದಾಗಿತ್ತು. ನರಸೀಪುರದಿಂದ ಕಂಪನಿಯ ವ್ಯಾನು ನಮ್ಮನ್ನು ಕರೆದೊಯ್ಯುತ್ತಿತ್ತು. ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ. ಆ ಹೊತ್ತೆಲ್ಲ ನಾನು ಕಿವಿಗೆ ಇಯರ್‌ಫೋನ್ ತುರುಕಿಕೊಂಡು ನನ್ನ ಹುಚ್ಚಿನಲ್ಲಿ ಮುಳುಗಿರುತ್ತಿದ್ದೆ.

ಹುಚ್ಚು ಹತ್ತಿದ್ದು ಮೈಸೂರಿನಲ್ಲಿ ಡಿಪ್ಲೊಮಾ ಓದುವಾಗ. ಹಾಸ್ಟೆಲಿನ ಕಂಪ್ಯೂಟರಿನಲ್ಲಿ ಏನೋ ಹುಡುಕಲು ಹೋಗಿ ಇನ್ನೇನನ್ನೋ ಒತ್ತಿದೆ, ಫಿನ್ಲೆಂಡಿನ ಯಾವುದೋ ತಂಡದ ಹಾಡು ಶುರುವಾಯಿತು. ಮೊದಲು ಒಂದು ಪಿಟೀಲು, ನಮ್ಮ ಕಡೆ ಹೊಲದ ಬದುವಿನಲ್ಲಿ ಕೇಳಬಹುದಾದಂಥ ಸರಳ ಧಾಟಿ. ಅದರ ಮೇಲೆ ಕರೆಂಟಿನ ಗಿಟಾರುಗಳು ಬಂಡೆ ಉರುಳಿದಂತೆ ಬಂದು ಬಿದ್ದವು. ಆಮೇಲೆ ಒಬ್ಬ ಹೊಟ್ಟೆಯಾಳದಿಂದ ಕೂಗತೊಡಗಿದ. ರೂಮಿನವರು ನಿಲ್ಲಿಸೋ ಮಾರಾಯ ಎಂದರು. ನನಗೆ ಮೈ ಝುಂ ಎಂದಿತ್ತು. ಅಲ್ಲಿಂದ ನಾರ್ವೆಯವರು, ಐಸ್‌ಲೆಂಡಿನವರು, ಕಡಲ ನಡುವಿನ ಪುಟ್ಟ ಫೆರೋ ದ್ವೀಪದವರು ಎಂದು ಒಬ್ಬೊಬ್ಬರನ್ನಾಗಿ ಹುಡುಕಿಕೊಂಡು ಹೋದೆ. ಹಳೆಯ ಕಡಲುಗಳ್ಳರ ಹಾಡುಗಳಲ್ಲಿ ಡ್ರಮ್ಮಿನ ಪೆಟ್ಟು ದೋಣಿಯ ಹುಟ್ಟು ಹಾಕುವ ತೋಳುಗಳ ಲೆಕ್ಕಕ್ಕೇ ಬೀಳುತ್ತದೆ. ಇವರು ತಮ್ಮ ತಾಯ ಭಾಷೆಯಲ್ಲಿ ಹಾಡಿದಾಗ ಅದಕ್ಕೊಂದು ಮಣ್ಣಿನ ತೂಕ ಇರುತ್ತದೆ. ಅದೇ ಜನ ಇಂಗ್ಲಿಷಿನಲ್ಲಿ ಹಾಡಿದರೆ ನನಗೆ ಸಪ್ಪೆ. ನಿಘಂಟು ಇಟ್ಟುಕೊಂಡು ಪದ ಪದ ಬಿಡಿಸಿ, ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಅರ್ಥ ಬರೆದಿಟ್ಟಿದ್ದೆ. ಇಡೀ ತಾಲ್ಲೂಕಿನಲ್ಲಿ ಇದು ಗೊತ್ತಿರುವವನು ನಾನೊಬ್ಬನೇ ಎಂಬುದು ನನ್ನ ಗುಟ್ಟಿನ ಗರ್ವವಾಗಿತ್ತು.

ಅಷ್ಟೂ ಹಾಡುಗಳಲ್ಲಿ ಒಂದು ನನ್ನ ಪ್ರಾಣವಾಗಿತ್ತು. ಫಿನ್ಲೆಂಡಿನ ಅಷ್ಟೇನೂ ಹೆಸರಿಲ್ಲದ ತಂಡದ್ದು. ಅದರ ಸಾಹಿತ್ಯ ಎಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ. ನಾನೇ ಕಿವಿಗೊಟ್ಟು ಪಲ್ಲವಿಯನ್ನು ಬರೆದುಕೊಂಡಿದ್ದೆ: ಲುಮೆನ್ ಹಲ್ಲ, ಮಾನ್ ಹಲ್ಲ. ಲುಮೆನ್ ಎಂದರೆ ಹಿಮದ, ಮಾನ್ ಎಂದರೆ ನೆಲದ. ಹಲ್ಲ ಎಂಬುದಕ್ಕೆ ನಿಘಂಟು ಕೊಟ್ಟ ಅರ್ಥ ಓದಿ ನಾನು ಕುಣಿದಾಡಿದ್ದೆ. ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಬಿದ್ದು, ಬೆಳಗಾಗುವುದರೊಳಗೆ ಪೈರನ್ನೆಲ್ಲ ಸುಟ್ಟುಬಿಡುವ ಮಂಜಂತೆ. ಅಲ್ಲಿಗೆ ಇದು ಬೆಳೆ ಕಳೆದುಕೊಂಡವನ ಹಾಡು ಎಂದು ತೀರ್ಮಾನಿಸಿ, ನೋಟ್‌ಬುಕ್ಕಿನಲ್ಲಿ ಅದರ ಮೇಲೆ ನಾಲ್ಕು ಪುಟ ಬರೆದಿದ್ದೆ.

ಸಿದ್ದರಾಜು ನಮ್ಮ ದೊಡ್ಡ ಯಂತ್ರದ ಆಪರೇಟರ್. ಮೂಗೂರಿನವನು. ನನಗಿಂತ ಐದಾರು ವರ್ಷಕ್ಕೆ ಚಿಕ್ಕವನು. ಓದು ಹತ್ತನೇ ಕ್ಲಾಸಿಗೆ ನಿಂತಿತ್ತು, ಕಿವಿ ಮಾತ್ರ ಅಸಾಧ್ಯವಾದದ್ದು. ಯಂತ್ರದ ಬೇರಿಂಗ್ ಸವೆದಿದೆ ಎಂದು ಅದು ಕೆಡುವ ಮೂರು ದಿನ ಮೊದಲೇ ಹೇಳುತ್ತಿದ್ದ. ಮೆಕ್ಯಾನಿಕ್ಕುಗಳು ನಕ್ಕು, ಆಮೇಲೆ ಬಿಚ್ಚಿ ನೋಡಿ, ತೆಪ್ಪಗಾಗುತ್ತಿದ್ದರು.

ಆ ವರ್ಷ ಮುಂಗಾರು ಹಿಡಿದದ್ದು ಬಿಡಲಿಲ್ಲ. ಜಲಾಶಯದಿಂದ ನೀರು ಬಿಟ್ಟರು, ಕಪಿಲೆ ಉಕ್ಕಿ ನಮ್ಮ ದಾರಿಯ ತಗ್ಗಿನಲ್ಲೆಲ್ಲ ನಿಂತಳು. ವ್ಯಾನು ಮೂಗೂರು, ತಗಡೂರು ಎಂದು ಊರೂರು ಸುತ್ತಿ ಹೋಗಬೇಕಾಯಿತು. ಮುಕ್ಕಾಲು ಗಂಟೆಯ ದಾರಿ ಎರಡು ಗಂಟೆಯಾಯಿತು. ಮೊದಲು ಮೊಪೆಡ್ಡಿನಲ್ಲಿ ನರಸೀಪುರಕ್ಕೆ ಬಂದು ವ್ಯಾನು ಹಿಡಿಯುತ್ತಿದ್ದ ಸಿದ್ದರಾಜು ಈಗ ತನ್ನ ಊರಿನಲ್ಲೇ ಹತ್ತತೊಡಗಿದ. ಅಷ್ಟು ಹೊತ್ತಿಗೆ ಖಾಲಿ ಉಳಿದಿರುತ್ತಿದ್ದದ್ದು ನನ್ನ ಪಕ್ಕದ ಸೀಟು ಒಂದೇ.

"ಏನ್ ಸಾ ಅದು, ದಿನಾ ಕಿವೀಗಾಕ್ಕಂಡಿರ್ತೀರಲ್ಲ?" ಎಂದ ಒಂದು ಬೆಳಿಗ್ಗೆ. "ಆಚ್ಗೂ ಕೇಳ್ತದೆ. ನಮ್ ಮಿಸೀನ್ ಓಡ್ದಂಗದೆ."

ಗೇಲಿ ಮಾಡುತ್ತಿದ್ದಾನೆ ಅಂದುಕೊಂಡು, ಬಾಯಿ ಮುಚ್ಚಿಸೋಣವೆಂದೇ ಒಂದು ಇಯರ್‌ಫೋನ್ ಕಿತ್ತು ಅವನ ಕೈಗೆ ಕೊಟ್ಟೆ. ನನ್ನ ಪ್ರಾಣದ ಹಾಡೇ ಓಡುತ್ತಿತ್ತು. ಅವನು ಕಣ್ಣು ಮುಚ್ಚಿದ. ಹಾಡು ಮುಗಿದರೂ ತೆರೆಯಲಿಲ್ಲ.

"ಇನ್ನೊಂದ್ ಸತಿ ಆಕಿ ಸಾ."

ಹಾಕಿದೆ.

"ಇದ್ರಲ್ಲಿ ಎರಡು ದನಿ ಅವೆ," ಎಂದ. "ಒಬ್ಬ ಅರಚ್ತಾನೆ. ಅವನಿಂದೆ ಒಬ್ಳು ಎಂಗ್ಸು ಮೆಲ್ಲುಕೆ ಅಳ್ತಾವ್ಳೆ."

ನಾನು ಆ ಹಾಡನ್ನು ಏನಿಲ್ಲವೆಂದರೂ ಇನ್ನೂರು ಸಲ ಕೇಳಿದ್ದೆ. ಅದರಲ್ಲಿ ಯಾವ ಹೆಂಗಸೂ ಇರಲಿಲ್ಲ. ಮನೆಗೆ ಹೋಗಿ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೂತೆ. ಅವಳಿದ್ದಳು. ಗಿಟಾರುಗಳ ಅಡಿಯಲ್ಲಿ, ಅವನ ಕೂಗಿನ ಬೆನ್ನಿಗೇ, ಮೊದಲಿನಿಂದ ಕೊನೆಯವರೆಗೂ ಇದ್ದಳು. ನನಗೆ ಖುಷಿಯಾಗಬೇಕಿತ್ತು. ನನ್ನದೇ ಮನೆಯಲ್ಲಿ ನನಗೆ ಗೊತ್ತಿಲ್ಲದ ಒಂದು ಕೋಣೆಯನ್ನು ನಿನ್ನೆ ಬಂದ ನೆಂಟ ತೋರಿಸಿಕೊಟ್ಟ ಹಾಗಾಯಿತು.

ಆದರೂ ಜೊತೆ ಸಿಕ್ಕಿತೆಂಬ ಸಂತೋಷವೂ ಇತ್ತು, ಅದನ್ನು ಅಲ್ಲಗಳೆಯಬಾರದು. ಹತ್ತು ವರ್ಷ ಒಬ್ಬನೇ ಕೇಳಿದವನು ನಾನು. ದಿನಕ್ಕೆ ನಾಲ್ಕು ಗಂಟೆ ಇಬ್ಬರೂ ಒಂದೊಂದು ಕಿವಿಯಲ್ಲಿ ಕೇಳತೊಡಗಿದೆವು. ಹೊರಗೆ ಗದ್ದೆಗಳೆಲ್ಲ ಕೆರೆಯಾಗಿ, ತೆಂಗಿನ ಮರಗಳು ಮೊಣಕಾಲು ಮಟ್ಟ ನೀರಿನಲ್ಲಿ ನಿಂತಿರುತ್ತಿದ್ದವು. ವ್ಯಾನಿನ ಕಿಟಕಿ ಸಂದಿಯಿಂದ ಎರಚಲು ಬಡಿಯುತ್ತಿತ್ತು. ಎರಡನೇ ವಾರಕ್ಕೆ ನಾನು 'ಸಾ' ಹೋಗಿ 'ಅಣ್ಣ' ಆದೆ. ಮೂರನೇ ವಾರಕ್ಕೆ ಅವನು ಹಾಡುತ್ತಿದ್ದ. ಅರ್ಥ ಬೇಡ, ಅಕ್ಷರ ಬೇಡ, ಕೇಳಿದ್ದನ್ನು ಕೇಳಿದ ಹಾಗೆ. ಬೆರಳ ಗೆಣ್ಣಿನಿಂದ ಸೀಟಿನ ಕಂಬಿ ಬಡಿಯುತ್ತಾ ಹಾಡಿದರೆ ಡ್ರೈವರ್ ಕೂಡ ತನ್ನ ಸಿನಿಮಾ ಹಾಡು ನಿಲ್ಲಿಸುತ್ತಿದ್ದ. ನನ್ನ ಕಂಠವೋ, ಅದರ ಸುದ್ದಿ ಬೇಡ.

ನಾನು ಅರ್ಥ ಹೇಳಲು ಹೋದರೆ ತಲೆಯಾಡಿಸುತ್ತಿದ್ದ, ಅಷ್ಟೆ. ಒಂದು ದಿನ ಅವನೇ ಹೇಳಿದ: "ಅಣ್ಣ, ನಮ್ಮವ್ವುಂಗೆ ಕೇಳುಸ್ದೆ ಇದ. ಮಣ್ಣು ಮಾಡ್ಬುಟ್ಟು ಬಂದೋರ ದನಿ ಕಣೋ ಇದು ಅಂದ್ಲು."

"ನಿಮ್ಮವ್ವನಿಗೆ ಫಿನ್ನಿಶ್ ಬರುತ್ತಾ?" ಎಂದೆ.

"ಅವ್ಳಿಗೆ ಕನ್ನಡ ಓದಾಕೂ ಬರಾಕಿಲ್ಲ," ಎಂದು ನಕ್ಕ.

"ಬೆಳೆ ಹಾಳಾದ ಹಾಡು ಕಣೋ ಇದು. ನಾನು ನಿಘಂಟು ನೋಡಿದ್ದೀನಿ."

"ಇರ್ಬೋದು ಬುಡಣ್ಣ. ನೀನು ಓದಿದ್ದೀಯ."

ಒಂದು ಭಾನುವಾರ ಅವನನ್ನು ಊಟಕ್ಕೆ ಕರೆದೆ. ನನ್ನ ಹೆಂಡತಿ ಸವಿತಾ ಮುದ್ದೆ, ಉಪ್ಸಾರು ಮಾಡಿದ್ದಳು. ಮದುವೆಯಾದಾಗಿನಿಂದ ನನ್ನ ಹಾಡುಗಳಿಗೆ ಅವಳು ಕೊಟ್ಟ ಹೆಸರು 'ಹಂದಿ ಹಿಡಿಯೋರ ಗಲಾಟೆ'. ನಾನು ಸ್ಪೀಕರಿಗೆ ಹಾಕಿದರೆ ಅಡುಗೆಮನೆ ಬಾಗಿಲು ಎಳೆದುಕೊಳ್ಳುವವಳು. ಊಟವಾದ ಮೇಲೆ ಸಿದ್ದರಾಜು ಜಗಲಿಯಲ್ಲಿ ಕೂತು ತನ್ನಷ್ಟಕ್ಕೆ ಆ ಪಲ್ಲವಿ ಗುನುಗಿದ. ಸವಿತಾ ಕೈಯಲ್ಲಿ ಪಾತ್ರೆ ಹಿಡಿದವಳು ಹಾಗೆಯೇ ಬಾಗಿಲಿಗೆ ಬಂದು ನಿಂತಳು.

"ಇನ್ನೊಂದ್ಸಲ ಹೇಳಿ ಅದನ್ನ," ಎಂದಳು. ಅವನಿಗೆ ಎರಡನೇ ಲೋಟ ಕಾಫಿ ಬಂತು. ನನ್ನ ಲೋಟ ಖಾಲಿಯಾಗಿದೆ ಎಂದು ನಾನೇ ಹೇಳಬೇಕಾಯಿತು. "ಆಯುಧಪೂಜೆಗೆ ನಿಮ್ಮ ಫ್ಯಾಕ್ಟರೀಲಿ ಇವರ ಕೈಲಿ ಹಾಡಿಸ್ರೀ," ಎಂದಳು ಅವನು ಹೋದ ಮೇಲೆ. ಹತ್ತು ವರ್ಷದ ನನ್ನ ಹುಚ್ಚಿನಲ್ಲಿ ಅವಳು ಮೊದಲ ಸಲ ಆಸಕ್ತಿ ತೋರಿಸಿದ್ದಳು, ಅದೂ ಇನ್ನೊಬ್ಬನ ಬಾಯಿಂದ ಬಂದಾಗ.

ಬೇಡವೆನ್ನಲು ಕಾರಣ ಸಿಗಲಿಲ್ಲ. ಹಾಡು ಅವನದು, ವಿವರಣೆ ನನ್ನದು ಎಂದು ಏರ್ಪಾಟಾಯಿತು. ಏರ್ಪಾಟು ಮಾಡಿದವನೂ ನಾನೇ.

ಆಯುಧಪೂಜೆಯ ಹೊತ್ತಿಗೆ ಮಳೆ ಹಿಂದೆಗೆದು, ಎಳೆ ಬಿಸಿಲು ಬಂದಿತ್ತು. ಯಂತ್ರಗಳಿಗೆಲ್ಲ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಪುರಿ ಹಂಚಿ, ರಟ್ಟಿನ ಹಾಳೆಗಳ ಅಟ್ಟಿಯ ಮೇಲೆ ಜಮಖಾನ ಹಾಸಿ ವೇದಿಕೆ ಮಾಡಿದ್ದರು. ಮನೆಯವರೆಲ್ಲ ಬಂದಿದ್ದರು. ಸವಿತಾ ಮುಂದಿನ ಸಾಲಿನಲ್ಲಿ. ನಾನು ನಾಲ್ಕು ಪುಟ ತೆಗೆದು ಮೈಕಿನಲ್ಲಿ ಓದತೊಡಗಿದೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಲೋಡಿಂಗಿನವರ ಕಡೆಯಿಂದ ಒಂದು ದನಿ ಬಂತು: "ಸಾಕು ಬುಡಿ ಸಾ, ಅವನ್ನ ಆಡಾಕೆ ಬುಡಿ!" ಚಪ್ಪಾಳೆ ಬಿತ್ತು. ನಾನು ಹಾಳೆ ಮಡಚಿ, ಮೈಕನ್ನು ಮಾತ್ರ ಬಿಡದೆ ಪಕ್ಕಕ್ಕೆ ಸರಿದೆ.

ಸಿದ್ದರಾಜು ಅಂಟಿನ ಖಾಲಿ ಪೀಪಾಯಿಯೊಂದನ್ನು ಎಳೆದುಕೊಂಡು ಅದರ ಮೇಲೆ ಕೈಯಿಟ್ಟ. ಗಿಟಾರಿಲ್ಲ, ಪಿಟೀಲಿಲ್ಲ. ಆ ಪೀಪಾಯಿ, ಅವನ ದನಿ, ಎರಡೇ. ಕೂಗಲಿಲ್ಲ ಅವನು. ಹಿಂದೆ ಅಳುತ್ತಿದ್ದ ಹೆಂಗಸಿನ ಧಾಟಿಯನ್ನೇ ಮುಂದಕ್ಕೆ ತಂದು ಹಾಡಿದ. ಪುರಿ ಮೇಯುತ್ತಿದ್ದವರು ಬಾಯಾಡಿಸುವುದು ನಿಲ್ಲಿಸಿದರು. ಮ್ಯಾನೇಜರು ಮೊಬೈಲು ಜೇಬಿಗಿಟ್ಟರು. ಸವಿತಾ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು, ಕಣ್ಣು ತುಂಬಿತ್ತು. ಆ ಕಣ್ಣು ನೋಡಿದ್ದೇ ನನಗೆ ತಡೆಯಲಾಗಲಿಲ್ಲ. ಅವನು ಪಲ್ಲವಿಗೆ ಬಂದಿದ್ದ: ಲುಮೆನ್ ಅಲ್ಲ, ಮಾನ್ ಅಲ್ಲ.

ನಾನು ಮೈಕು ಬಾಯಿಗಿಟ್ಟೆ.

"ನಿಲ್ಲಿಸು, ನಿಲ್ಲಿಸು. ಅಲ್ಲ ಅಲ್ಲಪ್ಪ, ಹಲ್ಲ. ಹ! ಹ ಅನ್ನೋ ಅಕ್ಷರ ಒಂದಿದೆ ಕಣಯ್ಯ. ಮೂಗೂರಲ್ಲಿ ಇಲ್ಲದೇ ಇರಬಹುದು, ಫಿನ್ಲೆಂಡಲ್ಲಿ ಇದೆ."

ಜನ ಘೊಳ್ಳೆಂದು ನಕ್ಕರು. ನಕ್ಕವರಲ್ಲಿ ಮುಕ್ಕಾಲು ಮಂದಿಗೆ ಮನೆಯಲ್ಲಿ ಹಳ್ಳಿ ಅಳ್ಳಿಯೇ, ಹೋಗು ಓಗೇ. ನನಗೂ ಹಾಗೇ ಇತ್ತು. ಪ್ರೈಮರಿ ಶಾಲೆಯ ಮೇಷ್ಟರು ಬೆತ್ತದಲ್ಲಿ ಒಂದೊಂದು ಹಕಾರವನ್ನೂ ನನ್ನ ಅಂಗೈಗೆ ಬಾರಿಸಿ ಕಲಿಸಿದ್ದರು. ಕಲಿತದ್ದು ಎಷ್ಟು ಗಟ್ಟಿಯಾಯಿತೆಂದರೆ, ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ "ಮಾನ್ಯ ಹಧ್ಯಕ್ಷರೇ" ಎಂದು ಶುರು ಮಾಡಿ, ಸಭೆಯೆಲ್ಲ ನಕ್ಕಾಗ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ನಿಂತಿದ್ದೆ. ಆ ನಗು ಹೇಗೆ ಮೈ ಸುಡುತ್ತದೆಂದು ಚೆನ್ನಾಗಿ ಗೊತ್ತಿದ್ದವನೇ ಅದನ್ನು ಅವನ ಮೇಲೆ ಎರಚಿದ್ದೆ.

ಸಿದ್ದರಾಜು ನನ್ನನ್ನು ಒಂದು ಕ್ಷಣ ನೋಡಿದ. ಸಿಟ್ಟಿನ ನೋಟವಲ್ಲ. ಆಮೇಲೆ "ಆಯ್ತಣ್ಣ" ಎಂದು ಮತ್ತೆ ಮೊದಲಿನಿಂದ ಹಾಡಿದ, ಈ ಸಲ ಹಕಾರ ಹಾಕಿ. ಪಲ್ಲವಿ ಬಂದಾಗಲೆಲ್ಲ ಹಿಂದಿನಿಂದ ಯಾರೋ "ಹ್ಹಾ!" ಎಂದು ಕೂಗುವರು, ನಗು ಏಳುವುದು. ಅವನು ತಪ್ಪದೆ ಹಲ್ಲ, ಹಲ್ಲ ಎಂದು ಹೇಳಿ, ಮುಗಿಸಿ, ಪೀಪಾಯಿಯನ್ನು ಇದ್ದ ಜಾಗಕ್ಕೆ ಉರುಳಿಸಿಟ್ಟು ಕೆಳಗಿಳಿದ. ಮ್ಯಾನೇಜರು ನನ್ನ ಕೈ ಕುಲುಕಿ, ಎಷ್ಟೊಂದು ತಿಳಿದುಕೊಂಡಿದ್ದೀರಿ ಲೋಕೇಶ್ ಎಂದರು. ಆಗ ನಿಜವಾಗಿಯೂ ಹಿತವಾಗಿತ್ತು, ಸುಳ್ಳು ಹೇಳಲಾರೆ.

ವಾಪಸು ಬಂದದ್ದು ಸ್ಕೂಟರಿನಲ್ಲಿ. ಊರು ಹತ್ತಿರವಾದಾಗ ಸವಿತಾ ಹಿಂದಿನಿಂದ ಹೇಳಿದಳು: "ಅವರು ಹಾಡ್ತಿದ್ದಾಗ ನಮ್ಮಪ್ಪ ಹೋದ ದಿನ ನೆನಪಾಗ್ತಿತ್ತು. ನೀವು ಮಧ್ಯ ಬಾಯಿ ಹಾಕಿಬಿಟ್ರಿ."

"ತಪ್ಪು ಹಾಡ್ತಿದ್ದ ಕಣೇ."

"ತಪ್ಪಿದ್ರೆ ಯಾರಿಗೆ ಗೊತ್ತಾಗ್ತಿತ್ತು? ನಿಮಗೊಬ್ಬರಿಗೆ ತಾನೇ?"

ರಜೆ ಮುಗಿದು ಕೆಲಸ ಶುರುವಾಗುವಷ್ಟರಲ್ಲಿ ನೀರಿಳಿದು ಹಳೆಯ ದಾರಿ ತೆರೆದಿತ್ತು. ಸಿದ್ದರಾಜು ಮೊಪೆಡ್ಡು ನಿಲ್ಲಿಸಿ ನರಸೀಪುರದಲ್ಲೇ ಹತ್ತಿದ. ನನ್ನ ಪಕ್ಕದ ಸೀಟಿನ ಮೇಲಿದ್ದ ಚೀಲ ತೆಗೆದು ಜಾಗ ಮಾಡಿದೆ. "ನಮಸ್ಕಾರ ಸಾ" ಎಂದು ಹಿಂದಿನ ಸೀಟಿಗೆ ಹೋದ. ನಾನು ಮತ್ತೆ ಸಾ ಆಗಿದ್ದೆ. ಇಯರ್‌ಫೋನ್ ಚಾಚಿದರೆ, "ನಿದ್ದೆ ಬತ್ತಾ ಅದೆ ಸಾ" ಎನ್ನುವನು. ಒಂದು ಕಟುಮಾತಿಲ್ಲ, ಮುನಿಸಿಲ್ಲ. ಜಗಳವಾಡಿದ್ದರೆ ರಾಜಿಯಾದರೂ ಆಗಬಹುದಿತ್ತು. ಧನುರ್ಮಾಸದ ಮಂಜು ಗದ್ದೆಗಳ ಮೇಲೆ ಕೂತಿರುವಾಗ, ಎರಡೂ ಕಿವಿಗೆ ಹಾಕಿಕೊಂಡು ಆ ಹಾಡು ಕೇಳಿದೆ. ಈಗ ನನಗೆ ಅದರಲ್ಲಿ ಆ ಹೆಂಗಸಿನ ದನಿ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಆಮೇಲೆ ಕೆಲವು ವರ್ಷಕ್ಕೆ ಕೆಲಸ ಬಿಟ್ಟು ಅಂಗಡಿ ಹಾಕಿದೆ. ಅವನು ಹಾಡಿದ್ದನ್ನು ಮತ್ತೆ ಕೇಳಲಿಲ್ಲ.

ಪೆಟ್ಟಿಗೆ ನೆಂದ ದಿನ ಸಂಜೆ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಆ ಹಾಡನ್ನು ಫೋನಿನಲ್ಲಿ ಹುಡುಕಿದೆ. ತಂಡದವರು ಅದನ್ನು ಹೊಸದಾಗಿ ಹಾಕಿದ್ದರು, ಈ ಸಲ ಸಾಲು ಸಾಲಾಗಿ ಸಾಹಿತ್ಯ ಬರೆದು. ಪಲ್ಲವಿ ಬಂತು. ಎರಡು ಸಲ ಹಿಂದಕ್ಕೆ ಹೋಗಿ ನಿಲ್ಲಿಸಿ ನೋಡಿದೆ. ಹಲ್ಲ ಅಲ್ಲ. ಅಲ್ಲ. ಅವರ ಭಾಷೆಯಲ್ಲಿ 'ಅಲ್ಲ' ಎಂದರೆ ಅಡಿಯಲ್ಲಿ, ಕೆಳಗೆ. ಹಿಮದಡಿಯಲ್ಲಿ, ಮಣ್ಣಿನಡಿಯಲ್ಲಿ. ತಮ್ಮನನ್ನು ಹೂತು ಬಂದ ಅಕ್ಕನ ಹಾಡಂತೆ. ಬೆಳೆಯಿಲ್ಲ, ಪೈರಿಲ್ಲ. ಎಲ್ಲೂ ಇಲ್ಲದ ಹಕಾರವನ್ನು ನನ್ನ ಕಿವಿಯೇ ಹಾಕಿಕೊಂಡು, ಅದರ ಮೇಲೆ ನಾಲ್ಕು ಪುಟ ಕಟ್ಟಿತ್ತು. ಅಕ್ಷರ ಬಾರದ ಮುದುಕಿಯೊಬ್ಬಳು ಮೂಗೂರಿನಲ್ಲಿ ಕೂತು ಸರಿಯಾಗಿ ಹೇಳಿದ್ದಳು.

ಮಾರನೆಯ ದಿನ ಅಂಗಡಿಯನ್ನು ಸವಿತಾಗೆ ಬಿಟ್ಟು ನಂಜನಗೂಡಿನ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಮಾತು ಹೊಂದಿಸಿಕೊಂಡೆ. ತಪ್ಪು ನನ್ನದು, ನೀನೇ ಸರಿ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಬೇಕು. ಇಷ್ಟು ವರ್ಷದ ಮೇಲೆ ಹುಡುಕಿಕೊಂಡು ಬಂದು ಒಪ್ಪಿಕೊಳ್ಳುವವರು ಎಷ್ಟು ಜನ ಇದ್ದಾರೆ? ಹಾಗೆಂದುಕೊಂಡಾಗ ಎದೆ ಸ್ವಲ್ಪ ಉಬ್ಬಿತು ಕೂಡ.

ಊಟದ ಬಿಡುವಿಗೆ ಸಿದ್ದರಾಜು ಕಾರ್ಖಾನೆಯ ಗೇಟಿನಾಚೆಯ ಟೀ ಅಂಗಡಿಗೆ ಬಂದ. ಕಿವಿಯ ಮೇಲೆ ನರೆ ಇಳಿದಿತ್ತು. ನನ್ನನ್ನು ನೋಡಿ ಬೆಂಚು ಒರೆಸಿ ಕೂರಿಸಿ, ಅಕ್ಕ ಎಂಗವ್ರೆ ಎಂದು ಮೊದಲು ಸವಿತಾಳನ್ನು ವಿಚಾರಿಸಿಕೊಂಡ. ನಾನು ಫೋನು ತೆಗೆದು ಪಲ್ಲವಿಯ ಸಾಲು ತೋರಿಸಿ, ಹೊಂದಿಸಿಕೊಂಡು ಬಂದದ್ದನ್ನೆಲ್ಲ ಹೇಳಿದೆ. ಅವನು ಪೂರ್ತಿ ಕೇಳಿದ.

"ಗೊತ್ತಿತ್ತು ಸಾ," ಎಂದ.

"ಏನು ಗೊತ್ತಿತ್ತು?"

"ಅಲ್ಲಿ ಆ ಅಕ್ಸರ ಇರ್ನಿಲ್ಲ ಅಂತ. ಕಿವೀಗೆ ಕೇಳ್ತದಲ್ಲ ಸಾ. ಅವ್ರು ಬಾಯಿ ತಗ್ದು ಅಂಗೇ ಸುರು ಮಾಡ್ತಾರೆ, ಉಸ್ರು ಆಕಾಕಿಲ್ಲ."

"ಮತ್ತೆ ಅವತ್ತು ಯಾಕೆ ಹಾಕಿ ಹಾಡಿದೆ?"

ಅವನು ಟೀ ಲೋಟವನ್ನು ಬೆಂಚಿನ ಮೇಲಿಟ್ಟ.

"ಮೈಕು ನಿಮ್ ಕೈನಾಗಿತ್ತು. ಅಕ್ಕ ಮುಂದುಗಡೆ ಕುಂತಿದ್ರು. ಅಲ್ಲಿ ಇಲ್ಲ ಸಾ ಅಂದಿದ್ರೆ ನಿಮ್ಗೆ ಎಂಗಾಗದು? ಜನ ನನ್ ಮ್ಯಾಲೆ ನಗಾಡುದ್ರೆ ನಂಗೇನು, ಮಿಸೀನ್ ತಾವ ಓಯ್ತೀನಿ. ನೀವು ದಿನಾ ಅವ್ರ ಮುಂದೆ ರುಜು ಆಕೋರು."

"ಆಮೇಲೆ ಹಾಡೋದೇ ಬಿಟ್ಟೆಯಲ್ಲ?"

"ಬುಟ್ಟಿಲ್ಲ ಸಾ. ಅವ್ವನ್ನ ಮಣ್ಣು ಮಾಡ್ದಾಗ ಅದ್ನೇ ಆಡ್ದೆ." ಸೈರನ್ ಕೂಗಿತು. ಅವನು ಎದ್ದ. "ನಿಮ್ ಮುಂದೆ ಆಡುದ್ರೆ ನಿಮ್ಗೆ ಸಂಕ್ಟ ಆಯ್ತದೆ ಅಂತ ಸುಮ್ಕಾದೆ. ಬತ್ತೀನಿ ಸಾ, ಅಕ್ಕುಂಗೆ ಕೇಳ್ದೆ ಅಂತೇಳಿ."

ಅವನು ಗೇಟಿನೊಳಗೆ ಹೋದ. ನಾನು ಬೆಂಚಿನ ಮೇಲೇ ಕೂತೆ. ಕಂಠ ಅವನದು, ಕಿವಿ ಅವನದು, ಹಾಡೂ ಅವನದೇ ಎಂದು ಒಪ್ಪಿಕೊಳ್ಳಲು ಸಿದ್ಧನಾಗಿಯೇ ಬಂದಿದ್ದೆ. ಒಪ್ಪಿಕೊಳ್ಳುವ ದೊಡ್ಡತನವಾದರೂ ನನ್ನದಾಗುತ್ತದೆ ಎಂದುಕೊಂಡಿದ್ದೆ. ಅದೊಂದನ್ನಾದರೂ ಅವನು ನನಗೆ ಬಿಡಬಹುದಿತ್ತು.